ಕಾಂಟಾ ಉಸಿರು ಹಿಡಿದಾಗ

ಹನ್ನೊಂದು ವರ್ಷದ ಹಿಂದೆ ನಾನೇ ಕೊರೆದ ಸಂದಿ,
ಲಾರಿಯ ಭಾರ ಕರ್ನಲ್ಲಿನೊಳಗೆ ಇಳಿಯಲೆಂದು.
ಈಗ ಮುಚ್ಚಬೇಕು.
ಮುಚ್ಚುವ ಮುಂಚೆ ಹೇಳಬೇಕು.
ಯಾರಿಗೆ?

ಮೊದಲು ಲಾಗಿನಲ್ಲಿ ಒಂದು ಸಾಲು ಹಾಕಿದೆ:
"ಈ ಸೌಲಭ್ಯ ಹಳತಾಗಿದೆ, ಬಳಸಬೇಡಿ."
ಕಲಬುರಗಿ ಗಂಜಿನ ಕಾಂಟಾದ ಕಂಪ್ಯೂಟರು
ದಿನಾ ಮುಂಜಾನೆ ಏಳುವಾಗ ಅದನ್ನು ಗೊಣಗಿ
ಕೆಲಸಕ್ಕೆ ಹತ್ತುತ್ತಿತ್ತು.
ಪರದೆಯ ಮೇಲೆ ತೊಗರಿ ಹೊಟ್ಟಿನ ಧೂಳು,
ಧೂಳಿನ ಮೇಲೆ ಖಾಜಾಸಾಬನ ಟವೆಲು.

"ನನಗೇನೂ ಹೇಳಿಲ್ಲಲ್ರೀ ಅದು," ಅಂದ.
ಖರೆ.
ಅದು ಹೇಳಿದ್ದು ನನಗೇ, ನನ್ನ ಮಾತಿನಲ್ಲೇ.

ಸಿಟ್ಟು ಬಂತು. ಭಾರ ಓದಿದಾಗಲೆಲ್ಲ ಕೂಗು ಅಂದೆ.
ಸೆಕೆಂಡಿಗೆ ಐವತ್ತು ಸಲ ಓದುತ್ತದೆ ಅದು, ಮರೆತಿದ್ದೆ.
ನಾಲ್ಕನೇ ದಿನ ಡಿಸ್ಕು ತುಂಬಿ
ಕಾಂಟಾ ನಿಂತು, ಲಾರಿಗಳ ಸಾಲು
ಹುಮನಾಬಾದ್ ರಸ್ತೆಗೆ ಮುಟ್ಟಿತು.
ಡ್ರೈವರುಗಳ ಬೈಗಳ ನಡುವೆ, ಮೊಬೈಲಿನ ಬೆಳಕಿನಲ್ಲಿ
ನನ್ನದೇ ಎಚ್ಚರಿಕೆಯನ್ನು ಅಳಿಸುತ್ತ ಕೂತೆ,
ಹನ್ನೊಂದೂವರೆಯ ತನಕ.

ತೊಗರಿ ಒಡೆಯುವ ಊರು ಇದು.
ಸಿಪ್ಪೆ ಹಿಡಿದವನಿಗೆ ಬೇಳೆ ಕಾಣುವುದಿಲ್ಲ,
ಬೇಳೆಯೊಳಗೆ ಕೂತವಳಿಗೆ
ಹಿಡಿದ ಕೈ ಕಾಣುವುದಿಲ್ಲ.

ಆಮೇಲೆ ಏನೂ ಬರೆಯಲಿಲ್ಲ.
ಅಂಕಿ ತೋರಿಸುವ ಮುಂಚೆ
ಎರಡು ಸೆಕೆಂಡು ತಡೆ, ಅಷ್ಟೇ.
ಮರುದಿನವೇ ಹಮಾಲಿ ಮಲ್ಕಪ್ಪ, ಅಕ್ಷರ ಬಾರದವ,
ಚೀಲ ಇಳಿಸಿ ಹೆಗಲು ಒರಸುತ್ತ ಬಂದ:
"ಅಕ್ಕಾ, ಕಾಂಟಾ ಉಸಿರು ಹಿಡಿಲಾಕತ್ತದ. ಯಾಕ?"

ಯಾಕ!
ಆ ಪದಕ್ಕಾಗಿ ಎಷ್ಟು ಸಾವಿರ ಸಾಲು ಸುರಿದಿದ್ದೆ.
ಹಳೇ ಹಾದಿ ಮುಚ್ಚತದ, ಅಂದೆ.
ಯಾವಾಗ, ಅಂದ.
ಮುಂದ ಹೆಂಗ, ಅಂದ.
ಅವತ್ತಿನ ಕೂಲಿ ಮುರೀತದೇನು, ಅಂದ.
ನನ್ನ ಸಾಲಿನಲ್ಲಿ ಇವ್ಯಾವೂ ಇರಲಿಲ್ಲ.
"ಹಳತಾಗಿದೆ" ಅಂತಿತ್ತು.
ಹಳತಾಗದ್ದು ಗಂಜಿನಲ್ಲಿ ಏನಿದೆ?

ಈಗ ಕಾಂಟಾ ಕೋಣೆಯ ಗೋಡೆಯ ಮೇಲೆ
ಖಾಜಾಸಾಬನ ಸೀಮೆಸುಣ್ಣ:
"ಹಳೇದು ಪಂಚಮಿ ತನಕ. ಆಮ್ಯಾಲ ಹೊಸಾ ಡಬ್ಬಿ.
ಕೂಲಿ ಮುರಿಯಂಗಿಲ್ಲ. ಅಕ್ಕಗ ಫೋನ್ ಹಚ್ಚರಿ."
ಅದರ ಕೆಳಗೆ ನಬಿಯ ಚಹಾದ ಲೆಕ್ಕ, ಗೀಟು ಗೀಟಾಗಿ.
ನಿನ್ನೆ ಹದಿನಾಲ್ಕು. ಇವತ್ತು ಎಣಿಸಿದೆ, ಹದಿನೇಳು.
ಅಂದರೆ ಕಣ್ಣು ಆ ಗೋಡೆಗೆ ಹೋಗುತ್ತಿವೆ.

ಆಳಂದ ರಸ್ತೆಯ ಬೇಳೆ ಮಿಲ್ಲಿನಲ್ಲೂ ಇದೇ ಸಂದಿ, ಇದೇ ತಡೆ.
ಅಲ್ಲಿಂದ ಇನ್ನೂ ಯಾರೂ
ಯಾಕ ಅಂದಿಲ್ಲ.