ವೇರಮಣಿ

ಗಾಂಧಿನಗರದ ಸಮುದಾಯ ಭವನದಲ್ಲಿ
ಬಿಳಿ ಸೀರೆ ಉಟ್ಟು ಮಂಡಿಯೂರಿದ ದಿನ
ವೇರಮಣಿ ಅಂದರೆ
ಯಾರೋ ಹೆಂಗಸಿನ ಹೆಸರು ಅಂದುಕೊಂಡಿದ್ದೆ.
ಐದು ಸಲ ಕರೆದೆವು ಅವಳನ್ನು,
ಐದು ಸಲವೂ ಬರಲಿಲ್ಲ.
ದೂರ ಇರುವುದು ಅಂತ ಅರ್ಥ ಕಣಮ್ಮ, ಎಂದರು ಭಂತೇಜಿ,
ಕೊಲ್ಲುವುದರಿಂದ ಮೊದಲು, ಉಳಿದದ್ದರಿಂದ ಆಮೇಲೆ.
ಸಲೀಸು ಅನ್ನಿಸಿತು.
ಮಂಡಕ್ಕಿ ಹುರಿಯುವವಳು
ಯಾರನ್ನು ಕೊಂದಾಳು?

ಸೋಮವಾರ ದಾದಾಪೀರ್ ಸಾಹೇಬರ ಭಟ್ಟಿಯಲ್ಲಿ
ಮೂಟೆಯ ಬಾಯಿ ಬಿಚ್ಚಿದರೆ
ಅಕ್ಕಿಯೇ ಎದ್ದು ನಡೆಯುತ್ತಿತ್ತು.
ಮಳೆಗಾಲದ ದಾಸ್ತಾನು, ಕಾಳಿಗೊಂದು ನುಸಿ.
ಹದಿನೇಳು ವರ್ಷದಿಂದ ಇದೇ ಬಾಣಲೆ, ಇದೇ ಮರಳು,
ಹೊಟ್ಟಿನ ಇದೇ ಉರಿ.
ಒಂದು ಬೊಗಸೆ ಎಸೆದರೆ ಚಟಪಟ,
ರೆಪ್ಪೆ ಬಡಿಯುವಷ್ಟರಲ್ಲಿ ಬಾಣಲೆ ತುಂಬ ಬಿಳುಪು.
ಆ ಚಟಪಟದೊಳಗೆ ಅಕ್ಕಿಯ ಸದ್ದೆಷ್ಟು
ನುಸಿಯ ಸದ್ದೆಷ್ಟು
ಯಾವತ್ತೂ ಕೇಳಿಸಿಕೊಂಡವಳಲ್ಲ.
ಅವತ್ತು ಬೊಗಸೆ ಬಾಣಲೆಯ ಮೇಲೇ ನಿಂತುಬಿಟ್ಟಿತು.
ಒಂದು ನುಸಿ ಮಾತ್ರ ಮೊಣಕೈವರೆಗೆ ಹತ್ತಿ
ಸುಟ್ಟ ಕಲೆಯ ಹತ್ತಿರ ತಡೆದು
ಸುತ್ತು ಬಳಸಿ ಹೋಯಿತು.

ಏನಾಯ್ತೇ, ಅಂದಳು ಖೈರುನ್‌ಬಿ.
ಹೇಳಿದೆ.
ಬಕ್ರೀದಿಗೆ ನನ್ನ ಮನೆಯ ಕುರಿ ಉಂಡು
ಮೂಳೆ ಚೀಪಿದವಳು ನೀನು,
ನುಸಿಗೆ ಅಳುತೀಯೇನೇ?
ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬಿಸಿಲಿಗೆ ಹಾಕಿದರೆ ಅಕ್ಕಿಯ ಹದ ಕೆಡುತೈತೆ,
ಅಂದರು ಸಾಹೇಬರು,
ಕೂಲಿ ಮೂಟೆ ಲೆಕ್ಕ, ಗಂಟೆ ಲೆಕ್ಕ ಅಲ್ಲ,
ನಿನ್ನ ಪುಣ್ಯಕ್ಕೆ ನನ್ನ ಒಲೆ ಆರಿಸಲಾ?
ಕೆಟ್ಟ ಮಾತೇನಲ್ಲ. ಆ ಒಲೆಯಿಂದಲೇ
ಅವರ ಮನೆಯ ಒಲೆ, ನನ್ನದೂ.

ಊಟದ ಹೊತ್ತು ನನ್ನದು ತಾನೆ?
ಹಿತ್ತಲ ನೆರಳಲ್ಲಿ ಹರಕು ತಾಡಪಾಲು ಹಾಸಿ
ಬೇವಿನ ಸೊಪ್ಪು ಉದುರಿಸಿ ಅಕ್ಕಿ ಹರವಿದೆ.
ಬುತ್ತಿ ಬಿಚ್ಚಲಿಲ್ಲ.
ಮೊದಲು ಒಂದು, ಆಮೇಲೆ ಹತ್ತು, ಆಮೇಲೆ
ಇಡೀ ಊರೇ ಗುಳೆ ಎದ್ದ ಹಾಗೆ
ಗೋಡೆಯ ಕಡೆ ಕರೀ ಸಾಲು ಹೊರಟಿತು.
ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ.
ಅಷ್ಟರಲ್ಲಿ ಪಕ್ಕದ ಓಣಿಯ ಕೋಳಿ ಬಂತು,
ಹಿಂದೆ ಆರು ಮರಿ.
ಸಾಲಿನ ಈ ತುದಿಯಿಂದ ಆ ತುದಿಗೆ
ಕುಟುಕುಟುಕು.
ಖೈರುನ್‌ಬಿ ನಕ್ಕಳು ನೋಡಿ,
ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.
ಇದಕ್ಕೂ ಬಿಳಿ ಸೀರೆ ಉಡಿಸಿ ಕೂರಿಸು, ಅಂದಳು.

ಅದೇ ವಾರ ಮೊಮ್ಮಗಳಿಗೆ ಜ್ವರ.
ರಕ್ತ ಪರೀಕ್ಷೆಯ ಚೀಟಿ ತಲೆದಿಂಬಿನ ಕೆಳಗೆ,
ಬೀದಿಯಲ್ಲಿ ಕಾರ್ಪೊರೇಷನ್ನಿನ ಹೊಗೆ ಗಾಡಿ.
ಅವಳ ಹಣೆಯ ಮೇಲೊಂದು ಸೊಳ್ಳೆ ಕೂತಿತು.
ಊದಿದೆ. ಹಾರಿತು. ಮತ್ತೆ ಬಂತು.
ಊದಿದೆ.
ಮೂರನೇ ಸಲ ಕೈ ನನ್ನ ಮಾತು ಕೇಳಲಿಲ್ಲ,
ಅಥವಾ ನನ್ನ ಮಾತನ್ನೇ ಕೇಳಿತು.
ಅಂಗೈಯಲ್ಲಿ ಎರಡು ರೆಕ್ಕೆ,
ಒಂದು ಹನಿ ಕೆಂಪು, ಮಗುವಿನದೇ.
ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದೆ.
ಪಶ್ಚಾತ್ತಾಪವಂತೂ ಆಗಲಿಲ್ಲ, ಅದೇ ಹೆದರಿಕೆ.

ಹುಣ್ಣಿಮೆಗೆ ಭಂತೇಜಿ ಮುಂದೆ ಎಲ್ಲ ಹೇಳಿದೆ,
ಕುರಿ, ನುಸಿ, ಕೋಳಿ, ಸೊಳ್ಳೆ.
ಕೋಳಿಯ ಹತ್ತಿರ ಅವರೂ ನಕ್ಕರು.
ಸೊಳ್ಳೆಯ ಹತ್ತಿರ ಸುಮ್ಮನಾದರು.
ಮಗು ಹೇಗಿದೆ, ಅಂತ ಕೇಳಿದರು.
ಆಮೇಲೆ, ಇನ್ನೊಂದು ಸಲ ಹೇಳೋಣ ಬಾ, ಅಂದರು.
ಹುರಿದ ಮರಳನ್ನೇ ಮತ್ತೆ ಜರಡಿ ಹಿಡಿದು
ಮತ್ತೆ ಬಾಣಲೆಗೆ ಸುರಿದಂತೆ
ಹೇಳಿದೆ.

ಈಗ ಮಧ್ಯಾಹ್ನ ತಾಡಪಾಲು ನಾನು ಹಾಸಬೇಕಿಲ್ಲ,
ಬರುವಷ್ಟರಲ್ಲಿ ಹಾಸಿರುತ್ತದೆ.
ಬೇವಿನ ಸೊಪ್ಪು ಯಾರು ತರುತ್ತಾರೋ ಕೇಳಿಲ್ಲ.
ನುಸಿ ಎಲ್ಲವೂ ಹೋಗುವುದಿಲ್ಲ,
ನಾಕಾಣೆ ಪಾಲು ಬಾಣಲೆಗೇ ಬೀಳುತ್ತದೆ, ಬಲ್ಲೆ.
ನಾನು ಬುತ್ತಿ ಬಿಚ್ಚುತ್ತೇನೆ.
ಆಚೆ ಪೊರಕೆ ಹಿಡಿದು ಕೂತ ಖೈರುನ್‌ಬಿ
ಕೋಳಿಯನ್ನು ಹುಶ್ ಅನ್ನುತ್ತಾಳೆ,
ಅದರ ಮರಿಗಳಿಗೆ ಮಾತ್ರ
ಬೇರೆ ಕಡೆ ನಾಲ್ಕು ನುಚ್ಚು ಎಸೆಯುತ್ತಾಳೆ.

ಏ ವೇರಮಣಿ, ಅಂತ ಕೂಗಿದೆ ನಿನ್ನೆ.
ಯಾರನ್ನೇ ಕರೀತೀ, ಅಂದಳು
ಹಿಂದೆ ತಿರುಗಿ ನೋಡುತ್ತಾ.