ಇಳಿತ ನೂರು, ಭರತ ಹತ್ತು

ಮನೆ ಮುಗಿದು ಇಪ್ಪತ್ತಾರು ದಿನ.
ಬಿಣಗಾ ಗುಡ್ಡದ ಬೆನ್ನಿಗೆ ನಾಲ್ಕು ಗುಂಟೆ,
ಹಿಂದಿನ ಗೋಡೆಯ ಚಿರೆಕಲ್ಲಿಗೆ ಇನ್ನೂ ಗಿಲಾವು ಇಲ್ಲ.
ವಯರ್‌ಮನ್ ಒಂದು ಖಾಲಿ ಪೈಪು ಬಿಟ್ಟುಹೋಗಿದ್ದಾನೆ,
"ಮುಂದೆ ಇಂಟರ್ನೆಟ್ಟಿಗೆ ಬೇಕಾದೀತು ಬಾಯೀ" ಎಂದು.
ಆ ತೂತಿಗೆ ಮೊದಲ ಅರ್ಜಿ ಹಾಕಿದ್ದು ಒಂದು ಕಡಜ:
ಒದ್ದೆ ಮಣ್ಣು ತಂದು, ಅಳತೆ ನೋಡಿ,
ಯಾರ ಸಹಿಯೂ ಇಲ್ಲದೆ ಒಳಗೆ ಕೂತಿತು.

ಟವರು ಗುಡ್ಡದ ಆಚೆ.
ಮೊಬೈಲಿನಲ್ಲಿ ಒಂದು ಕಡ್ಡಿ,
ನೀರಿನ ಟಾಕಿಯ ಮೇಲೆ ಹತ್ತಿದರೆ ಎರಡು.
ಮಾತಿಗೆ ಒಂದು ಕಡ್ಡಿ ಸಾಕು ಎನ್ನುತ್ತಾರೆ ಜನ.
ನಮ್ಮ ಮನೆಯಲ್ಲಿ ಮಾತು ಎಂದರೆ ಕೈ.
ರೋಹಿದಾಸ ಹುಟ್ಟಿದಾಗಿನಿಂದ ಕೇಳಿದವನಲ್ಲ;
ಬೈತಖೋಲದಲ್ಲಿ ದೋಣಿಗಳಿಗೆ ವೆಲ್ಡಿಂಗ್ ಮಾಡುತ್ತಾನೆ,
ಅಷ್ಟು ಗದ್ದಲದ ನಡುವೆ ಅವನೊಬ್ಬನೇ ನೆಮ್ಮದಿ.
ರಾತ್ರಿ ಊಟವಾದ ಮೇಲೆ ಅವನಿಗೆ ಹರಟೆ ಬೇಕು,
ರತ್ನಾಗಿರಿಯ ಯಶವಂತನೊಂದಿಗೆ, ಶಾಲೆಯ ಗೆಳೆಯ.

ಹೋದ ಗುರುವಾರ ಯಶವಂತ "ತಾಯಿ" ಎಂದ,
ಕೈ ಎದೆಯಿಂದ ಎದ್ದಿತು,
ಅಲ್ಲೇ ಚಿತ್ರ ನಿಂತಿತು.
ಅವರಿಬ್ಬರ ಸನ್ನೆಯಲ್ಲಿ
ಬರುವುದಕ್ಕೂ ಹೋಗುವುದಕ್ಕೂ ಕೈ ಒಂದೇ,
ದಿಕ್ಕು ಬೇರೆ.
ನಿಂತ ಕೈಗೆ ದಿಕ್ಕಿಲ್ಲ.
ರಾತ್ರಿಯಿಡೀ ಇವನು ಆ ಚೌಕ ಚೌಕ ಬೆರಳುಗಳನ್ನು
ಗಾಳಿಯಲ್ಲಿ ಬರೆದು ನೋಡಿದ, ಒಮ್ಮೆ ಒಳಗೆ, ಒಮ್ಮೆ ಹೊರಗೆ.
ಬೆಳಿಗ್ಗೆ ಟಾಕಿಯ ಮೇಲೆ ಸಂದೇಶ ಸಿಕ್ಕಿತು:
ತಾಯಿ ಕೊಲ್ಲಾಪುರಕ್ಕೆ ಹೋಗಿದ್ದಾಳೆ,
ಮಗಳ ಮನೆಗೆ, ಹಲ್ಲು ಕಟ್ಟಿಸಲು.

ನಾನು ಕೋರ್ಟಿನೆದುರು ಕೂತು ಅರ್ಜಿ ಟೈಪು ಮಾಡುವವಳು.
ಕೆಟ್ಟುಹೋದ ಛಾಪಾಕಾಗದದ ಬೆನ್ನಿಗೆ ಪಟ್ಟಿ ಬರೆದೆ.
ಸರಕಾರಿ ಫೈಬರು: ಹೆದ್ದಾರಿಯಿಂದ ಹನ್ನೊಂದು ಕಂಬ,
ಒಂಬತ್ತು ನಿಂತಿವೆ, ಉಳಿದೆರಡು ಕಡತದಲ್ಲಿವೆ.
ಬಿಳಿ ತಟ್ಟೆಯೊಂದನ್ನು ಹೊತ್ತು ತಂದ ಹುಡುಗ
ತಾರಸಿಯ ನಾಲ್ಕೂ ಮೂಲೆಗೆ ಹಿಡಿದು ನೋಡಿ,
ಗುಡ್ಡಕ್ಕೊಂದು ಬೈದು,
ಲಿಂಬು ಸರಬತ್ತು ಕುಡಿದು ಹೋದ.
ಕೇಬಲ್ಲಿನ ಮೆಲ್ವಿನ್: "ನೂರು ಸ್ಪೀಡು, ಕಣ್ಣು ಮುಚ್ಚಿ ತಗೊಳ್ಳಿ."
ಇಳಿಯುವುದು ನೂರು. ಏರುವುದು?
ತಲೆ ಕೆರೆದುಕೊಂಡ. ಈವರೆಗೆ ಯಾರೂ ಕೇಳಿಲ್ಲವಂತೆ.
"ಹತ್ತು."
ಇಳಿತ ನೂರು, ಭರತ ಹತ್ತು!
ಇಂಥ ಸಮುದ್ರವನ್ನು ಯಾವ ದಡ ನಂಬೀತು?
ನಮ್ಮವನೂ ಹೇಳಬೇಕಲ್ಲ,
ಬರೇ ನೋಡುತ್ತ ಕೂರಬೇಕೆ?

ಎರಡೂ ಕಡೆ ಐವತ್ತು ಕೊಡುವವರು ಕೊನೆಗೆ ಸಿಕ್ಕರು,
ಕೋಡಿಬಾಗದ ಸಣ್ಣ ಕಂಪನಿ, ಫೋನೆತ್ತುವುದು ಯಜಮಾನನೇ.
ತಂತಿ ಮಾತ್ರ ಶೇವಂತಿಬಾಯಿಯ
ಚಿಕ್ಕು ಮರದ ಮೇಲಿಂದ ಬರಬೇಕು.

ಶೇವಂತಿಬಾಯಿ.
ಪಾಯ ತೋಡಿದ ದಿನದಿಂದ
ಒಂದು ಗೇಣು ಜಾಗಕ್ಕಾಗಿ ನಮ್ಮೊಡನೆ ಮಾತು ಬಿಟ್ಟವಳು.
ಮಾತು ಬಿಟ್ಟದ್ದು ರೋಹಿದಾಸನಿಗೆ ಗೊತ್ತೇ ಆಗಿರಲಿಲ್ಲ;
ದಿನಾ ಬೆಳಿಗ್ಗೆ ಕೈ ಎತ್ತುತ್ತಿದ್ದ,
ಅವಳೂ ಎತ್ತುತ್ತಿದ್ದಳಂತೆ.

ಒಪ್ಪಿಗೆಪತ್ರ ಟೈಪು ಮಾಡಿ ಒಯ್ದೆ:
"ಸದರಿ ತಂತಿಯು ಸದರಿ ಮರಕ್ಕೆ ತಾಗದಂತೆ..."
ಅವಳು ಕನ್ನಡಕ ಹುಡುಕಲಿಲ್ಲ.
"ಗಂಡನನ್ನು ಕಳಿಸು" ಎಂದಳು, ಬಾಗಿಲು ಅರ್ಧ ತೆರೆದು.
ಅವನು ಹೋದ. ಅವಳ ಕೊಂಬೆಯಿಂದ ನಮ್ಮ ಗೋಡೆಗೆ
ಬೆರಳಲ್ಲಿ ಒಂದು ಗೆರೆ ಎಳೆದ.
ಅವಳು ತನ್ನ ಗೇಟಿನ ಮುರಿದ ಕೀಲು ತೋರಿಸಿದಳು.
ಕರಾರು ಮುಗಿಯಿತು.
ನನ್ನ ಕಾಗದ ನನ್ನ ಕೈಯಲ್ಲೇ ಉಳಿಯಿತು.

ನಾಳೆ ಬರುತ್ತಾರೆ, ಹನ್ನೊಂದಕ್ಕೆ, ಅಂದರೆ ಮೂರಕ್ಕೆ.
ಪೈಪಿನ ಬಾಯಿ ಇನ್ನೂ ಮಣ್ಣು ಮೆತ್ತಿಕೊಂಡೇ ಇದೆ.
ಕೆಡವೋಣವೇ ಎಂದು ಸನ್ನೆ ಮಾಡಿದೆ.
ಅವನು ಬಗ್ಗಿ ನೋಡಿ,
ಪಕ್ಕದಲ್ಲೇ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ,
ಕೈಯನ್ನು ಡ್ರಿಲ್ಲಿನಂತೆ ತಿರುಗಿಸಿದ.
ತೂತಿಗೆ ನೂರೈವತ್ತು ಹೆಚ್ಚಾಗುತ್ತದೆ ಎಂದೆ.
ಮುಖ ತಿರುಗಿಸಿಕೊಂಡ.
ನಮ್ಮ ಮನೆಯಲ್ಲಿ
ಕೇಳಿಸಲಿಲ್ಲ ಎನ್ನುವುದು ಹೀಗೆ.