ಅಸಲು

ಶಿಡ್ಲಘಟ್ಟದಲ್ಲಿ ನಯಾಜಣ್ಣನ ಸೈಬರ್ ಇದ್ದದ್ದು
ನೂಲು ಬಿಚ್ಚಾಣಿಕೆ ಮನೆಯ ಮಹಡಿ ಮೇಲೆ.
ಗಂಟೆಗೆ ಇಪ್ಪತ್ತೈದು.
ಕೀಬೋರ್ಡಿಗೂ ಬೆಂದ ಗೂಡಿನ ವಾಸನೆ.

ಶಮೀಮಾ, ನಾನು, ಒಂದೇ ಕುರ್ಚಿ,
ಅರ್ಧರ್ಧ ಕುಂಡಿ.
ಚಾಟ್ ರೂಮಿನಲ್ಲಿ ಯಾರೋ ಕೇಳಿದರು:
ಎ ಎಸ್ ಎಲ್?
ಅವಳು ಕೂಡಿಸಿ ಓದಿದಳು, ಅಸಲ್.
'ನೀನು ಅಸಲಾ ಅಂತ ಕೇಳ್ತಾವ್ರೆ ಕಣೆ.'
ಹೌದು ಎಂದು
ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.
ಆಮೇಲೆ ಆ ಕಡೆಯಿಂದ
ಏನೂ ಬರಲಿಲ್ಲ.

ಇನ್ನೊಬ್ಬ, ಪೆರುವಿನವನಂತೆ, ಫೋಟೊ ಕಳಿಸಿದ.
ಮೇಲಿಂದ ಇಳಿಯಿತು ಗೆರೆಗೆರೆಯಾಗಿ:
ಆಕಾಶ, ಇನ್ನೂ ಆಕಾಶ,
ಹದಿನೈದು ರೂಪಾಯಿಯಷ್ಟು ಆಕಾಶ,
ಒಂದು ಟೋಪಿಯ ಅಂಚು.
ಕರೆಂಟು ಹೋಯಿತು.

ಕೆಳಗೆ ರಾಟೆಗಳೂ ನಿಂತವು.
ಎಳೆ ಕಡಿದು ಅಮ್ಮ ಯಾರನ್ನೋ ಬಯ್ಯುತ್ತಿದ್ದಳು.
ಟೈಪಿಂಗ್ ಕಲೀತಿದೀನಿ ಅಂದಿದ್ದೆ ಅವಳಿಗೆ.
'ರೀಲು ಬಿಡಬೇಡ' ಅಂತ ಕಿವಿ ಹಿಂಡಿದಳು
ಬಿಸಿನೀರಲ್ಲಿ ಬೆಂದು ಬೆಂದು
ಬಿಳುಚಿದ ಬೆರಳಲ್ಲಿ.
ಈಗಲೂ ಆ ಕಿವಿ ಒದ್ದೆ.

ಗೂಡಿನ ಕೆಲಸ ಬಿಟ್ಟು ಐದು ವರ್ಷವಾಯಿತು.
ಮಧ್ಯಾಹ್ನ ಪೂರ್ತಿ ಅಮ್ಮ ರೀಲ್ಸ್ ನೋಡುತ್ತಾಳೆ.
ಹೆಬ್ಬೆರಳಿನ ಗೆರೆಗಳು ಸವೆದಿವೆ,
ಫೋನು ಗುರುತು ಹಿಡಿಯುವುದಿಲ್ಲ,
ನಾನೇ ತೆರೆದು ಕೊಡಬೇಕು.
ಮುಖಗಳು ಬರುತ್ತವೆ ಥಟ್ಟನೆ, ಪೂರ್ತಿ,
ನೋಡುವುದರೊಳಗೆ ಇನ್ನೊಂದು.
ಎಳೆ ಎಲ್ಲೂ ಕಡಿಯುವುದಿಲ್ಲ.
'ಇವರೆಲ್ಲ ಅಸಲಾ?' ಅನ್ನುತ್ತಾಳೆ,
ಉತ್ತರಕ್ಕೆ ಕಾಯದೆ ಮೇಲಕ್ಕೆ ತಳ್ಳುತ್ತಾಳೆ.

ಪಕ್ಕದಲ್ಲಿ ಕೂತು ನಾನು
ಹಾದುಹೋದ ಮುಖಗಳನ್ನು ಒಂದೊಂದಾಗಿ
ಆ ಟೋಪಿಯ ಕೆಳಗೆ ಇಟ್ಟು ನೋಡುತ್ತೇನೆ.
ಒಂದಕ್ಕೆ ದೊಡ್ಡದಾಗುತ್ತದೆ,
ಒಂದಕ್ಕೆ ಬಿಗಿ.